ಸನ್‌ಡ್ಯೂ ಗಿಡದಲ್ಲಿ ಹನಿ ನಿಲ್ಲುತ್ತಿಲ್ಲವೇ? ಮೊದಲು ಸುಳಿ ನೋಡಿ

ಅಂಗಡಿಯಲ್ಲಿ ಇದ್ದಾಗ ಒಂದೊಂದು ರೋಮದ ತುದಿಯಲ್ಲೂ ಹನಿ ಹೊಳೆಯುತ್ತಿತ್ತು. ಮನೆಗೆ ಬಂದು ಹತ್ತು ದಿನಕ್ಕೆ ಎಲೆ ಬೋಳು. ಇನ್ನೆರಡು ವಾರಕ್ಕೆ ತುದಿ ಕಪ್ಪು. ಎಲೆರೋಮದ ಅಂಟುಹನಿಯಲ್ಲಿ ಹುಳ ಹಿಡಿದು ತಿನ್ನುವ ಗಿಡ ಸನ್‌ಡ್ಯೂ. ನನ್ನ ಮೊದಲನೆಯದು ಹೋದದ್ದು ಹೀಗೆ. ಉಳಿಸಲು ನಾನು ಮಾಡದ ಕೆಲಸವಿಲ್ಲ. ದಿನಕ್ಕೆ ಮೂರು ಸಲ ನೀರು ಸಿಂಪಡಿಸಿದೆ. ಒಂದು ಚಮಚ ಎರೆಗೊಬ್ಬರ ಹಾಕಿದೆ. ಬಿಸಿಲು ಜಾಸ್ತಿಯಾಯಿತೇನೋ ಎಂದು ನೆರಳಿಗೆ ಇಟ್ಟೆ. ಕೊನೆಗೆ ಕುಂಡವನ್ನೂ ಬದಲಿಸಿದೆ. ಅಷ್ಟೂ ಒಂದೇ ವಾರದಲ್ಲಿ. ಗಿಡಕ್ಕೆ ಇದ್ದದ್ದು ಒಂದು ಕಾಯಿಲೆ, ನಾನು ಸೇರಿಸಿದ್ದು ನಾಲ್ಕು.

ಅದಕ್ಕೇ ಇಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು, ಅದು ನಿಜವಾಗಿಯೂ ದೋಷವೇ ಎಂದು ನೋಡುವುದು. ಆಮೇಲೆ ಸುಳಿ ನೋಡುವುದು. ಆಮೇಲೆ ನೀರು ಅಳೆಯುವುದು. ಉಳಿದದ್ದೆಲ್ಲ ಅದರ ನಂತರ. ಒಂದು ಸಲಕ್ಕೆ ಒಂದೇ ಬದಲಾವಣೆ, ಬದಲಿಸಿದ ಮೇಲೆ ಮೂರು ವಾರ ಸುಮ್ಮನಿರುವುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ.

ನಾನು ಹೇಳುವುದು ಮನೆಯಲ್ಲಿ ಸುಲಭಕ್ಕೆ ಬೆಳೆಯುವ ಮೂರು ಜಾತಿಗಳ ಬಗ್ಗೆ. ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯ, ಪಟ್ಟಿಯಂಥ ಉದ್ದ ಎಲೆಯ ಕೆಪೆನ್ಸಿಸ್ ಒಂದು. ಪುಟ್ಟ ಚಮಚದಂಥ ಎಲೆಗಳನ್ನು ಚಕ್ರದ ಹಾಗೆ ಹರಡುವ ಸ್ಪಾಟುಲಾಟಾ ಇನ್ನೊಂದು. ಮೂರನೆಯದು ನಮ್ಮಲ್ಲೇ ಹುಟ್ಟುವ ಬರ್ಮನ್ನೈ. ಇದನ್ನು ಉಡುಪಿ, ದಕ್ಷಿಣ ಕನ್ನಡದ ಮುರಕಲ್ಲಿನ ಪದವುಗಳಲ್ಲಿ, ಅಂದರೆ ಮರವಿಲ್ಲದ ಬಯಲುಗಳಲ್ಲಿ, ಹುಲ್ಲಿನ ನಡುವೆ ನಾಣ್ಯದಷ್ಟಗಲದ ಕೆಂಪು ಬಿಲ್ಲೆಯಾಗಿ ನೋಡಬಹುದು.

ಆ ಪದವಿನಲ್ಲಿ ಒಂದು ಗಳಿಗೆ ನಿಂತರೆ ಗಿಡಕ್ಕೆ ಏನು ಬೇಕು ಎಂದು ತಾನಾಗಿ ತಿಳಿಯುತ್ತದೆ. ತಿಂಗಳುಗಟ್ಟಲೆ ಮಳೆ ತೊಳೆದ ಕಲ್ಲು. ಅದರ ಮೇಲೆ ತೆಳ್ಳನೆಯ, ಸತ್ವವಿಲ್ಲದ ಮಣ್ಣು. ಒಸರುತ್ತಲೇ ಇರುವ ಮಳೆನೀರು. ತಲೆಯ ಮೇಲೆ ಮರವಿಲ್ಲ, ಬರೀ ಆಕಾಶ. ಮಣ್ಣಿನಲ್ಲಿ ಸಾರಜನಕ ಸಿಗದೆ ಇರುವುದಕ್ಕೇ ಈ ಗಿಡ ಹುಳ ಹಿಡಿಯುವುದು. ಹಾಗಂತ ಅಲ್ಲಿಂದ ಕಿತ್ತು ತರಬೇಡಿ. ಬೇರು ಹರಿದರೆ ಮನೆ ತಲುಪುವಷ್ಟರಲ್ಲಿ ಅರ್ಧ ಸತ್ತಿರುತ್ತದೆ. ಬರ್ಮನ್ನೈ ಬೀಜದಿಂದ ಸಾಸಿವೆಯಷ್ಟು ಸಲೀಸಾಗಿ ಬರುತ್ತದೆ.

ದೋಷವಲ್ಲದ ದೋಷಗಳು

ಕೆಳಗಿನ ಹಳೆಯ ಎಲೆ ಕಂದಾಗಿ ಒಣಗುವುದು ದೋಷವಲ್ಲ. ಮೇಲೆ ಒಂದು ಬಂದರೆ ಕೆಳಗೆ ಒಂದು ಹೋಗುತ್ತದೆ. ಒಣಗಿದ್ದನ್ನು ಕತ್ತರಿಸಿ ಅಥವಾ ಬಿಡಿ. ಕೆಪೆನ್ಸಿಸ್‌ನ ಎಲೆ ಇದ್ದಕ್ಕಿದ್ದಂತೆ ಮಡಚಿ ಸುರುಳಿಯಾದರೆ ಹೆದರಬೇಡಿ, ಒಳಗೆ ಒಂದು ನುಸಿ ಇರುತ್ತದೆ. ದೊಡ್ಡ ನೊಣ ಹಿಡಿದ ಎಲೆ ಊಟ ಮುಗಿಸಿ ತಾನೂ ಕಪ್ಪಾಗಬಹುದು. ಜೋರು ಮಳೆಯಲ್ಲಿ ಹನಿ ತೊಳೆದು ಹೋಗುತ್ತದೆ, ಒಂದೆರಡು ದಿನದಲ್ಲಿ ಮತ್ತೆ ಬರುತ್ತದೆ.

ಕೊರಿಯರ್‌ನಲ್ಲಿ ಬಂದ ಗಿಡಕ್ಕೆ ಹನಿ ಇರುವುದೇ ಇಲ್ಲ. ಪೆಟ್ಟಿಗೆಯ ಕತ್ತಲಲ್ಲಿ ನಾಲ್ಕು ದಿನ ಅಲ್ಲಾಡಿ ಬಂದಿದೆ, ಪಾಪ. ಆ ಹಳೆಯ ಎಲೆಗಳಲ್ಲಿ ಹನಿ ಮತ್ತೆ ಬರದೇ ಇರಬಹುದು. ಮನೆಯಲ್ಲಿ ಹುಟ್ಟಿದ ಹೊಸ ಎಲೆಯವರೆಗೆ, ಅಂದರೆ ಎರಡು ಮೂರು ವಾರ, ಯಾವ ತೀರ್ಮಾನವೂ ಬೇಡ.

ಬರ್ಮನ್ನೈ ಬೆಳೆಸುವವರು ಇನ್ನೊಂದು ಮಾತು ನೆನಪಿಡಬೇಕು. ಹೂ ಬಿಟ್ಟು, ಬೀಜ ಕಟ್ಟಿ, ಸಾಯುವುದು ಅದರ ಸ್ವಭಾವ. ಪದವಿನಲ್ಲಿ ಮಣ್ಣು ಒಣಗುವುದರೊಳಗೆ ಅದರ ಕೆಲಸ ಮುಗಿದಿರುತ್ತದೆ. ಹೂದಂಡು ಒಣಗಿದಾಗ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಉದುರುವ ಕರಿ ಹುಡಿಯೇ ಬೀಜ. ಘಟ್ಟದ ಮೇಲಿನ ಪೆಲ್ಟಾಟಾ ಜಾತಿಯಂತೂ ಒಣಗಾಲದಲ್ಲಿ ಪೂರ್ತಿ ಮಾಯವಾಗಿ, ಮಣ್ಣೊಳಗೆ ಪುಟ್ಟ ಗೆಡ್ಡೆಯಾಗಿ ಮಲಗುತ್ತದೆ. ಸತ್ತಿತೆಂದು ಕುಂಡ ಸುರಿದವರು ಎಷ್ಟೋ ಜನ.

ಸುಳಿ ಏನು ಹೇಳುತ್ತದೆ

ಹಳೆಯ ಎಲೆ ಹೋದ ತಿಂಗಳ ಕತೆ ಹೇಳುತ್ತದೆ. ಈ ವಾರದ ಸುದ್ದಿ ಇರುವುದು ನಡುವಿನ ಸುಳಿಯಲ್ಲಿ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ, ಟಾರ್ಚ್ ಬೆಳಕಲ್ಲಿ ನೋಡಿ. ಈಚೆಗೆ ಬಿಚ್ಚಿದ ಎರಡು ಎಲೆಗಳಲ್ಲಿ ಹನಿ ಇದ್ದರೆ ಗಿಡ ಚೆನ್ನಾಗಿದೆ. ಸುತ್ತ ಎಷ್ಟು ಎಲೆ ಒಣಗಿದ್ದರೂ ಸರಿ, ಏನನ್ನೂ ಮುಟ್ಟಬೇಡಿ.

ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗಿ, ಬೋಳಾಗಿ, ತುದಿ ಸುಟ್ಟಂತೆ ಬರುತ್ತಿದ್ದರೆ ನೀರು ಅಥವಾ ಮಣ್ಣಿನಲ್ಲಿ ಉಪ್ಪು. ಉದ್ದುದ್ದವಾಗಿ, ಪೇಲವ ಹಸಿರಾಗಿ, ಬಳುಕಿ ಬಿದ್ದಿದ್ದರೆ ಬೆಳಕು ಸಾಲದು. ಸೊಟ್ಟಗೆ, ಗಂಟು ಗಂಟಾಗಿ ಬಿಚ್ಚುತ್ತಿದ್ದರೆ ಗಿಡಹೇನು. ಸುಳಿಯೇ ಕಪ್ಪಾಗಿ ಮೆತ್ತಗಾಗಿದ್ದರೆ ಬುಡ ಬೆಂದಿದೆ ಅಥವಾ ಕೊಳೆತಿದೆ. ಬೆಳಗ್ಗೆ ಹನಿ ಇದ್ದು ಮಧ್ಯಾಹ್ನ ಮೂರಕ್ಕೆ ಇಲ್ಲ, ಮರುದಿನ ಬೆಳಗ್ಗೆ ಮತ್ತೆ ಇದೆ ಎಂದರೆ ಅದು ಬರೀ ಒಣಗಾಳಿ. ಎರಡು ಲಕ್ಷಣ ಒಟ್ಟಿಗೆ ಕಂಡರೆ ನೀರಿನಿಂದಲೇ ಶುರು ಮಾಡಿ. ನನ್ನ ಅನುಭವದಲ್ಲಿ ಹತ್ತಕ್ಕೆ ಏಳು ಸಲ ತಪ್ಪು ಅಲ್ಲೇ ಇರುತ್ತದೆ.

ನೀರು

ನಮಗೆ ಒಳ್ಳೆಯ ನೀರು ಈ ಗಿಡಕ್ಕೆ ಒಳ್ಳೆಯದಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣ ಇದ್ದರೆ ಅಡ್ಡಿಯಿಲ್ಲ. ಬೇರೆ ಮೂಲವೇ ಇಲ್ಲದ ಕಡೆ 2000ದವರೆಗೂ ಒಪ್ಪುತ್ತಾರೆ. ಸನ್‌ಡ್ಯೂಗೆ 50ರ ಒಳಗೆ ಇದ್ದರೆ ನೆಮ್ಮದಿ. 100ರವರೆಗೆ ಹೇಗೋ ಸಂಭಾಳಿಸಬಹುದು. ಅದರ ಮೇಲೆ ಬೇಡ.

ತಟ್ಟೆಯಲ್ಲಿ ನೀರು ನಿಲ್ಲಿಸಿ ಬೆಳೆಸುವ ಗಿಡವಾದ್ದರಿಂದ ತೊಂದರೆ ಇನ್ನೂ ಜಾಸ್ತಿ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಒಂದು ಲೆಕ್ಕ ಹಾಕಿ. ನಲ್ಲಿ ನೀರು ಲೀಟರಿಗೆ 300 ಮಿಲಿಗ್ರಾಂ, ವಾರಕ್ಕೆ ಒಂದು ಲೀಟರ್ ಹಾಕಿದಿರಿ. ವರ್ಷಕ್ಕೆ 15 ಗ್ರಾಂ ದಾಟಿತು. ಅಂಗೈಯಗಲದ ಕುಂಡಕ್ಕೆ ಸುಮಾರು ಮೂರು ಟೀ ಚಮಚ ಉಪ್ಪು ಸುರಿದ ಹಾಗಾಯಿತು, ಅಲ್ವಾ? ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಹೊಪ್ಪಳೆ ಕಂಡರೆ ಅದೇ ಇದು.

ನೀರಿನಲ್ಲಿ ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ತೋರಿಸುವ, ಪೆನ್ನಿನಂಥ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗಿಡಕ್ಕಿಂತ ಮೊದಲು ಅದನ್ನು ಕೊಳ್ಳಿ ಎನ್ನುತ್ತೇನೆ. ನನ್ನ ಎರಡನೆಯ ಗಿಡಕ್ಕೆ ಅಡುಗೆಮನೆಯ ಆರ್‌ಒ ನೀರು ಹಾಕುತ್ತಿದ್ದೆ, ನೀರಿನ ಮೇಲೆ ಅನುಮಾನವೇ ಬರಲಿಲ್ಲ. ಮೀಟರ್ ಬಂದ ದಿನ ಅದ್ದಿ ನೋಡಿದರೆ 140. ಯಂತ್ರ ಕೆಟ್ಟಿರಲಿಲ್ಲ. ರುಚಿಗೆಂದು ಸ್ವಲ್ಪ ಕಚ್ಚಾ ನೀರು ವಾಪಸ್ ಬೆರೆಸುವ ಪುಟ್ಟ ತಿರುಪು ಅದರಲ್ಲಿತ್ತು. ಕೆಲವು ಯಂತ್ರಗಳಲ್ಲಿ ಖನಿಜ ಸೇರಿಸುವ ಡಬ್ಬಿಯೇ ಇರುತ್ತದೆ. ಆರ್‌ಒ ಎಂಬ ಹೆಸರು ನಂಬಬೇಡಿ, ಅಂಕಿ ನಂಬಿ. ಇನ್ನೊಂದು, ಯಂತ್ರ ಹೊರಗೆ ಚೆಲ್ಲುವ ನೀರನ್ನು ವ್ಯರ್ಥವಾಗುತ್ತದಲ್ಲ ಎಂದು ಈ ಗಿಡಕ್ಕೆ ಹಾಕಬೇಡಿ. ಸೋಸಿ ತೆಗೆದ ಉಪ್ಪೆಲ್ಲ ಇರುವುದು ಅದರಲ್ಲೇ.

ನೀರನ್ನು ಕುದಿಸಿದರೆ? ಕರಗಿದ ಉಪ್ಪಿನಲ್ಲಿ ಬಹುಪಾಲು ಅಲ್ಲೇ ಉಳಿಯುತ್ತದೆ. ರಾತ್ರಿಯಿಡೀ ತೆರೆದಿಟ್ಟರೆ? ಕ್ಲೋರಿನ್ ಹೋಗಬಹುದು, ಉಪ್ಪು ಕದಲುವುದಿಲ್ಲ. ಇಪ್ಪತ್ತು ಲೀಟರ್ ಕ್ಯಾನ್ ನೀರು ಒಂದೊಂದು ಕಡೆ ಒಂದೊಂದು ಥರ, ಅಳೆಯದೆ ಹಾಕಬೇಡಿ.

ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಮಾಳಿಗೆಯ ಧೂಳು ತೊಳೆದುಹೋಗಲೆಂದು ಮೊದಲ ಹತ್ತು ಹದಿನೈದು ನಿಮಿಷ ಬಿಟ್ಟು ಆಮೇಲೆ ಡ್ರಮ್ಮಿಗೆ ಹಿಡಿಯಿರಿ, ಬಾಯಿ ಮುಚ್ಚಿಡಿ. ಬೇಸಿಗೆಯಲ್ಲಿ ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರೂ ನಡೆಯುತ್ತದೆ. ಗಾಳಿಯ ತೇವ ತಣ್ಣಗಾಗಿ ಇಳಿದ ನೀರದು, ಉಪ್ಪು ಬಹಳ ಕಡಿಮೆ. ಧೂಳಿದ್ದರೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕೂಡ ಸರಿ. ಆದರೆ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಎರಡು ಸಲ ಓದಿ. ಅದೇ ಕಪಾಟಿನಲ್ಲಿ ಬ್ಯಾಟರಿ ಆ್ಯಸಿಡ್ ಕೂಡ ಇರುತ್ತದೆ.

ಈಗ ಪರೀಕ್ಷೆ. ಒಳ್ಳೆಯ ನೀರು ತೆಗೆದುಕೊಂಡು ಕುಂಡದ ಮೇಲಿಂದ ನಿಧಾನ ಸುರಿಯಿರಿ. ಕೆಳಗಿನ ತೂತಿನಿಂದ ಮೊದಲು ಇಳಿದ ನೀರನ್ನು ಬಟ್ಟಲಲ್ಲಿ ಹಿಡಿದು ಮೀಟರ್ ಅದ್ದಿ. ಹಾಕಿದ್ದು 15, ಇಳಿದದ್ದು 60 ಎಂದರೆ ಚಿಂತೆಯಿಲ್ಲ. ಇಳಿದದ್ದು 300 ಎಂದರೆ ದೋಷ ಸಿಕ್ಕಿತು. ಕುಂಡ ಎಷ್ಟು ನೀರು ಹಿಡಿಯುತ್ತದೋ ಅದರ ಮೂರು ನಾಲ್ಕು ಪಟ್ಟು ಸುರಿದು ತೊಳೆಯಿರಿ. ಇಳಿಯುವ ನೀರು 50, 60ಕ್ಕೆ ಬರುವವರೆಗೆ ಬಿಡಬೇಡಿ. ತೊಳೆದ ನೀರು ತಟ್ಟೆಯಲ್ಲಿ ಉಳಿಯಬಾರದು. ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಮತ್ತೆ ಏರಿದ್ದರೆ ತಪ್ಪು ನೀರಿನದಲ್ಲ, ಮಣ್ಣಿನದು.

ತಟ್ಟೆಯಲ್ಲಿ ಒಂದರಿಂದ ಎರಡು ಸೆಂ.ಮೀ. ನೀರು ಸಾಕು. ಡೆಂಗಿ ಕಾಲದಲ್ಲಿ ನಿಂತ ನೀರು ಅಂದರೆ ಮನೆಯವರ ಕಣ್ಣು ಕೆಂಪಾಗುತ್ತದೆ. ಅದು ನ್ಯಾಯವೂ ಹೌದು. ವಾರಕ್ಕೊಮ್ಮೆ ತಟ್ಟೆ ಪೂರ್ತಿ ಚೆಲ್ಲಿ, ಉಜ್ಜಿ ತೊಳೆದು, ಹೊಸ ನೀರು ಹಾಕಿ. ಸೊಳ್ಳೆಮರಿ ರೆಕ್ಕೆ ಬಿಚ್ಚುವ ಮೊದಲೇ ಹೋಗುತ್ತದೆ, ತಟ್ಟೆಯ ಉಪ್ಪೂ ಹೋಗುತ್ತದೆ. ಸನ್‌ಡ್ಯೂ ಇದೆ, ಸೊಳ್ಳೆಯನ್ನೆಲ್ಲ ಅದೇ ತಿನ್ನುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕುಬಿಡಿ.

ಮಣ್ಣು

ತೋಟದ ಕೆಂಪುಮಣ್ಣು, ಎರೆಗೊಬ್ಬರ, ಸಗಣಿಗೊಬ್ಬರ, ಬೇವಿನ ಹಿಂಡಿ ಯಾವುದೂ ಬೇಡ. ಗುಲಾಬಿಗೆ ಅಮೃತವಾದದ್ದು ಇದರ ಬೇರನ್ನು ಸುಡುತ್ತದೆ. ಜೌಗಿನ ಪಾಚಿಯಿಂದಾದ, ಗೊಬ್ಬರ ಸೇರಿಸದ ಪೀಟ್ ಮಾಸ್ ಒಂದು ಪಾಲು, ಅರಳಿನಂಥ ಹಗುರ ಬಿಳಿ ಕಲ್ಲಾದ ಪರ್ಲೈಟ್ ಒಂದು ಪಾಲು. ಅಷ್ಟೇ.

ನಮ್ಮಲ್ಲಿ ಎಡವಟ್ಟಾಗುವುದು ಕೋಕೋಪೀಟಿನಿಂದ. ಎರಡರ ಹೆಸರಲ್ಲೂ ಪೀಟ್ ಇದೆ ಎಂದು ಇದನ್ನೇ ತುಂಬುತ್ತಾರೆ. ಅದು ತೆಂಗಿನ ನಾರಿನ ಹುಡಿ. ಸೋಡಿಯಂ, ಪೊಟ್ಯಾಸಿಯಂ ಅದರಲ್ಲಿ ಅಂಟಿಕೊಂಡಿರುತ್ತವೆ. ಒಂದು ಹಿಡಿ ತೆಗೆದು ಒಳ್ಳೆಯ ನೀರಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಹಿಂಡಿ ಮೀಟರ್ ಅದ್ದಿ ನೋಡಿ, ನಿಮಗೇ ಗೊತ್ತಾಗುತ್ತದೆ. ಬೇರೆ ದಾರಿ ಇಲ್ಲದಿದ್ದರೆ ನೆನೆಸು, ಹಿಂಡು, ಅಳೆ. ಮತ್ತೆ ಅದೇ. 50ರ ಕೆಳಗೆ ಬಂದು, ಮರುದಿನವೂ ಅಲ್ಲೇ ನಿಂತರೆ ಮಾತ್ರ ಬಳಸಿ. ನಾನಂತೂ ಈ ಗೋಜಿಗೆ ಹೋಗುವುದು ಬಿಟ್ಟಿದ್ದೇನೆ.

ಪರ್ಲೈಟ್ ಬದಲು ಮರಳು ಹಾಕುವುದಾದರೆ ಚೆನ್ನಾಗಿ ತೊಳೆದು, ನಾಲ್ಕು ಹನಿ ನಿಂಬೆರಸ ಬಿಟ್ಟು ನೋಡಿ. ಬುರುಬುರು ನೊರೆ ಬಂದರೆ ಸುಣ್ಣದ ಅಂಶವಿದೆ, ಬೇಡ. ಮಣ್ಣಿನ ಕುಂಡ ನೋಡಲು ಚೆಂದ. ಆದರೆ ಮೈಯೆಲ್ಲ ನೀರು ಹೀರಿ ಆವಿ ಮಾಡುತ್ತ ಗೋಡೆಯಲ್ಲೇ ಉಪ್ಪು ಕಟ್ಟಿಕೊಳ್ಳುತ್ತದೆ. ಪ್ಲಾಸ್ಟಿಕ್ಕೇ ಇರಲಿ.

ಬೆಳಕು

ಕಿಟಕಿ ಪಕ್ಕ ಇಟ್ಟಿದ್ದೇನೆ ಎನ್ನುತ್ತಾರೆ. ಕಿಟಕಿಯಾಚೆ ಸಜ್ಜಾ, ಅದರಾಚೆ ಪಕ್ಕದ ಮನೆಯ ಗೋಡೆ. ನಮ್ಮ ಕಣ್ಣಿಗೆ ಬೆಳಕು, ಗಿಡಕ್ಕೆ ಸಂಜೆ. ನೇರ ಬಿಸಿಲು ದಿನಕ್ಕೆ ನಾಲ್ಕು ಗಂಟೆಯಾದರೂ ಬೀಳಬೇಕು. ಪೂರ್ವದ ಬಾಲ್ಕನಿ ಇದ್ದವರು ಪುಣ್ಯವಂತರು. ಇಲ್ಲದವರು 20 ವಾಟ್ ಬಿಳಿ ಎಲ್ಇಡಿ ಟ್ಯೂಬನ್ನು ಗಿಡದಿಂದ 15–20 ಸೆಂ.ಮೀ. ಮೇಲೆ ಕಟ್ಟಿ, 12–14 ಗಂಟೆ ಉರಿಸಿ.

ಬೆಳಕು ಸಾಕಾಯಿತೇ ಎಂದು ತಿಳಿಯುವುದು ರೋಮದ ಬಣ್ಣದಿಂದ. ಸಾಕಾದರೆ ರೋಮ ಕೆಂಪೇರುತ್ತದೆ, ಬರ್ಮನ್ನೈ ಎಲೆಯೇ ಕೆಂಪಾಗುತ್ತದೆ. ಕೆಪೆನ್ಸಿಸ್‌ನಲ್ಲಿ ಬಿಳಿ ಬಗೆಯೊಂದಿದೆ, ಅದು ಎಷ್ಟು ಬಿಸಿಲಿಗಿಟ್ಟರೂ ಕೆಂಪಾಗದು, ಅದರ ಮೇಲೆ ಸಿಟ್ಟಾಗಬೇಡಿ. ನೆರಳಲ್ಲಿದ್ದ ಗಿಡವನ್ನು ಒಮ್ಮೆಲೇ ಬಿಸಿಲಿಗೆ ತಳ್ಳಿದರೆ ಎಲೆ ಸುಡುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಏರಿಸಿ.

ಗಾಳಿ, ಸೆಕೆ

ಹನಿ ಇಲ್ಲವೆಂದು ಎಲೆಯ ಮೇಲೆ ನೀರು ಚಿಮುಕಿಸುವ ಚಟ ಎಲ್ಲರಿಗೂ ಇದೆ. ಆ ಹನಿ ನೀರಲ್ಲ, ಗಿಡ ತಾನೇ ಮಾಡಿಕೊಂಡ ಅಂಟು. ಸಿಂಪಡಿಸಿದಷ್ಟೂ ಇದ್ದದ್ದು ತೊಳೆದುಹೋಗುತ್ತದೆ.

ಮಧ್ಯಾಹ್ನ ಮಾತ್ರ ಹನಿ ಮಾಯವಾಗುತ್ತಿದ್ದರೆ ಫ್ಯಾನಿನ, ಎಸಿಯ ಗಾಳಿಯಿಂದ ದೂರ ಸರಿಸಿ, ಬೇರೆ ಗಿಡಗಳ ಗುಂಪಿನಲ್ಲಿ ಇಡಿ. ಗಾಜಿನ ಭರಣಿಯಲ್ಲಿ ಮುಚ್ಚಿಟ್ಟು ಬಿಸಿಲಿಗೆ ಮಾತ್ರ ಇಡಬೇಡಿ, ಇಡ್ಲಿ ಪಾತ್ರೆಯಾಗುತ್ತದೆ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಮೇ ಬಿಸಿಲು ಕೆಪೆನ್ಸಿಸ್‌ಗೆ ಕಷ್ಟ. ಕಪ್ಪು ಕುಂಡ, ಕಾದ ತಟ್ಟೆನೀರು ಸೇರಿದರೆ ಬೇರು ಬೇಯುತ್ತದೆ. ಆ ಎರಡು ತಿಂಗಳು ಬೆಳಗಿನ ಬಿಸಿಲು ಮಾತ್ರ ಕೊಡಿ. ಕುಂಡವನ್ನು ಬಿಳಿ ಡಬ್ಬಿಯೊಳಗೆ ಇಳಿಸಿಡಿ.

ಊಟ

ಹುಳ ಸಿಗದಿದ್ದರೆ ಸಾಯುವುದಿಲ್ಲ, ನಿಧಾನ ಬೆಳೆಯುತ್ತದೆ ಅಷ್ಟೇ. ಕೊಡಲೇಬೇಕೆಂದರೆ ಮೀನಿಗೆ ಹಾಕುವ ಒಣ ಹುಳವನ್ನು ನೆನೆಸಿ, ಎಳ್ಳುಕಾಳಿನಷ್ಟು, ಹನಿ ಇರುವ ಎಲೆಗೆ ಮಾತ್ರ ಹಾಕಿ. ಎರಡು ವಾರಕ್ಕೊಮ್ಮೆ ಸಾಕು. ಹನಿಯಿಲ್ಲದ ಎಲೆಗೆ ಊಟ ಇಟ್ಟರೆ ಬೂಸ್ಟು ಬರುತ್ತದೆ.

ಗಿಡಕ್ಕೆ ಏನು ಹಿಡಿಸುತ್ತದೆ ಎಂದು ಕೂತು ಪರೀಕ್ಷೆ ಮಾಡಿದವರು ಚಾರ್ಲ್ಸ್ ಡಾರ್ವಿನ್. 1875ರಲ್ಲಿ ಅವರು ಪ್ರಕಟಿಸಿದ ಕೀಟಾಹಾರಿ ಗಿಡಗಳ ಪುಸ್ತಕದಲ್ಲಿ ಇಂಗ್ಲೆಂಡಿನ ಸನ್‌ಡ್ಯೂ ಜಾತಿಯದೇ ದೊಡ್ಡ ಪಾಲು. ಹಾಲು, ಮೊಟ್ಟೆಯ ಬಿಳಿ, ಮಾಂಸದ ರಸ ಬಿಟ್ಟಾಗ ರೋಮ ಬಾಗಿತು. ಸಕ್ಕರೆ, ಗಂಜಿ, ಎಣ್ಣೆ, ಟೀ ಡಿಕಾಕ್ಷನ್‌ಗೆ ಕದಲಲಿಲ್ಲ. ಸಾರಜನಕ ಇದ್ದರೆ ಮಾತ್ರ ಅದಕ್ಕೆ ಊಟ. ಹಾಗಾಗಿ ಟೀ ಚರಟ, ಅಕ್ಕಿ ತೊಳೆದ ನೀರು, ಬೆಲ್ಲದ ನೀರು ಇದರ ಹತ್ತಿರ ಬೇಡ. ಹಾಗೆಂದು ಕೋಳಿ ತುಂಡು ಇಟ್ಟವರೂ ಇದ್ದಾರೆ. ಎಲೆ ಕೊಳೆತು ಮನೆಯೆಲ್ಲ ನಾರುತ್ತದೆ.

ಹೇನು, ತಿಗಣೆ, ಬೂಸ್ಟು

ಹುಳ ತಿನ್ನುವ ಗಿಡಕ್ಕೂ ಹುಳ ಹತ್ತುತ್ತದೆ. ಗಿಡಹೇನು ಅಂಟಿರದ ಜಾಗ ಹುಡುಕಿ ಸುಳಿಯ ಬುಡದಲ್ಲಿ, ಎಳೆಯ ಹೂದಂಡಿನಲ್ಲಿ ಕೂರುತ್ತದೆ. ಎಲೆ ಸೊಟ್ಟಗೆ ಬಿಚ್ಚುವುದು ಅದರಿಂದ. ಸೋಪಿನ ನೀರು, ಬೇವಿನೆಣ್ಣೆ ಹಾಕಿದರೆ ಹೇನಿನ ಜೊತೆ ರೋಮಗಳೂ ಹಾಳಾಗುತ್ತವೆ. ನಾನು ಮಾಡುವುದು ಸೀದಾ ಕೆಲಸ. ಕುಂಡದ ಮಣ್ಣಿನ ಮೇಲೆ ಬಟ್ಟೆ ಕಟ್ಟಿ, ಬಕೆಟ್ ಮಳೆನೀರಿನಲ್ಲಿ ಗಿಡವನ್ನು ಪೂರ್ತಿ ಮುಳುಗಿಸಿ, ಒಂದೂವರೆ ದಿನ ನೆರಳಲ್ಲಿ ಬಿಡುತ್ತೇನೆ. ಹೇನು ಉಸಿರುಗಟ್ಟಿ ಸಾಯುತ್ತದೆ, ಗಿಡಕ್ಕೆ ಏನೂ ಆಗುವುದಿಲ್ಲ. ವಾರ ಬಿಟ್ಟು ಇನ್ನೊಮ್ಮೆ. ಕುಂಡದ ಸುತ್ತ ಇರುವೆ ಸಾಲು ಇದ್ದರೆ ಹೇನು ಮತ್ತೆ ಬರುತ್ತದೆ, ತಟ್ಟೆಯಲ್ಲಿ ನೀರು ನಿಲ್ಲಿಸಿದರೆ ಇರುವೆ ದಾಟುವುದಿಲ್ಲ. ಬಿಳಿ ಹಿಟ್ಟು ತಿಗಣೆಯನ್ನು ಇಯರ್‌ಬಡ್‌ನಿಂದ ಒಂದೊಂದಾಗಿ ತೆಗೆಯಿರಿ. ಮಳೆಗಾಲದಲ್ಲಿ ಬೂದು ಬೂಸ್ಟು ಕಂಡರೆ ಆ ಎಲೆ ಕತ್ತರಿಸಿ, ಗಾಳಿಯಾಡುವ ಕಡೆ ಸರಿಸಿ.

ಎಲ್ಲ ಮಾಡಿಯೂ ಹೋಗುತ್ತಿದೆ ಎಂದಾಗ

ಕೆಪೆನ್ಸಿಸ್‌ನ ಒಂದು ಹಸಿರೆಲೆ ಉಳಿದಿದ್ದರೆ ಅದನ್ನು ಬುಡದ ಹತ್ತಿರ ಕತ್ತರಿಸಿ. ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ಒಳ್ಳೆಯ ನೀರಿನ ಮೇಲೆ ತೇಲಿಬಿಡಿ. ನೇರ ಬಿಸಿಲಿಲ್ಲದ ಬೆಳಕಿನಲ್ಲಿಡಿ. ಮೂರರಿಂದ ಆರು ವಾರದಲ್ಲಿ ಎಲೆಯ ಮೈಮೇಲೆ ಪುಟ್ಟ ಪುಟ್ಟ ಗಿಡ ಮೂಡುತ್ತವೆ. ಬೇರು ಕಾಣಿಸಿದ ಮೇಲೆ ಪೀಟ್ ಮೇಲೆ ಇಟ್ಟರೆ ಆಯಿತು.

ಎಲೆಯೂ ಉಳಿದಿಲ್ಲವೇ? ಆದರೂ ಕುಂಡ ಸುರಿಯಬೇಡಿ. ಕೆಪೆನ್ಸಿಸ್‌ನ ಬೇರು ದಪ್ಪ, ಕಪ್ಪು, ಹಟಮಾರಿ. 140ರ ನೀರು ಕುಡಿದ ಆ ನನ್ನ ಎರಡನೆಯ ಗಿಡದ ತಲೆ ಪೂರ್ತಿ ಕಪ್ಪಾಗಿತ್ತು. ಮಣ್ಣು ತೊಳೆದು, ಮಳೆನೀರಿನ ತಟ್ಟೆಯಲ್ಲಿಟ್ಟು, ಬಾಲ್ಕನಿಯ ಮೂಲೆಯಲ್ಲಿ ಮರೆತೆ. ಏಳನೆಯ ವಾರ ಬಟ್ಟೆ ಒಣಹಾಕಲು ಹೋದಾಗ ನೋಡಿದರೆ ಕುಂಡದ ಅಂಚಿನಲ್ಲಿ ಎರಡು ಚಿಗುರು. ಒಂದೊಂದೂ ಉಗುರಿನಷ್ಟು. ಒಂದರಲ್ಲಿ ಆಗಲೇ ನುಸಿಯೊಂದು ಸಿಕ್ಕಿಕೊಂಡು ಒದ್ದಾಡುತ್ತಿತ್ತು.